ಇಪ್ಪತ್ತೇಳರ ಕಿತ್ತಳೆ

ಕುಮಟಾ
18 ಜನವರಿ 2024

ಮಾನ್ಯ ವೆಂಕಟ್ರಮಣ ಅಂಬಿಗರಿಗೆ ನಮಸ್ಕಾರಗಳು.

ನನ್ನ ಹೆಸರು ಸಂಪದಾ. ಕುಮಟಾದ ಒಂದು ಡೆಂಟಲ್ ಲ್ಯಾಬಿನಲ್ಲಿ ಕೃತಕ ಹಲ್ಲು ತಯಾರಿಸುವ ಕೆಲಸ ಮಾಡುತ್ತೇನೆ. ನೀವು ನನ್ನನ್ನು ಕಂಡಿಲ್ಲ. ಒಂದು ಹಳೆಯ ಫೋಟೋದ ಬೆನ್ನಿಗೆ ನಿಮ್ಮ ಹೆಸರು, ಅದರ ಮುಂದೆ ‘ಮಾವಿನಕುರ್ವೆ, ಪೇಂಟ್ ಶಾಪ್’ ಎಂದು ಬರೆದಿತ್ತು. ನಮ್ಮ ಲ್ಯಾಬಿಗೆ ಕೆಲಸ ಕೊಡುವ ಹೊನ್ನಾವರದ ಡಾಕ್ಟರೊಬ್ಬರನ್ನು ವಿಚಾರಿಸಿದೆ. “ವಿಮಾನಕ್ಕೆ ಬಣ್ಣ ಹೊಡೀತಿದ್ದ ಅಂಬಿಗ್ರಾ? ಗೊತ್ತಿಲ್ದೆ ಎಂತ, ಅವರ ಎರಡು ದವಡೆ ಹಲ್ಲು ನಾನೇ ಕಿತ್ತಿದ್ದು” ಅಂದರು. ವಿಳಾಸ ಸಿಕ್ಕಿದ್ದು ಹಾಗೆ.

ಬಿಡುವಿನಲ್ಲಿ ನಾನು ಚಿಕ್ಕ ವಿಮಾನಗಳನ್ನು ಕಟ್ಟುತ್ತೇನೆ. ನಿಜವಾದ ವಿಮಾನವನ್ನು ನಲವತ್ತೆಂಟು ಪಾಲು ಕುಗ್ಗಿಸಿದರೆ ಎಷ್ಟಾಗುತ್ತದೋ ಅಷ್ಟು, ಒಂದು ಮೊಳೆಯೂ ಆಚೀಚೆ ಆಗದ ಹಾಗೆ. ಈಗ ಕೈಯಲ್ಲಿರುವುದು ನೀವು ಕೆಲಸ ಮಾಡಿದ ತರಬೇತಿ ಕೇಂದ್ರದ ಎರಡು ಸೀಟಿನ ವಿಮಾನ. ಮೈಯೆಲ್ಲ ಬೂದು. ಮೂಗಿಗೆ, ರೆಕ್ಕೆಯ ತುದಿಗಳಿಗೆ, ಬಾಲಕ್ಕೆ ದೂರದಿಂದ ಕಾಣಲೆಂದು ಬಳಿದ ಕಿತ್ತಳೆ ಪಟ್ಟಿ. ಆ ಕಿತ್ತಳೆ ನನಗೆ ಸಿಗುತ್ತಿಲ್ಲ. ಫೋಟೋಗಳಲ್ಲಿ ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ಹಳದಿ. ಅಂಗಡಿಯ ಬಣ್ಣದ ಡಬ್ಬಿಗಳ ಮೇಲೆ ಬರೆದದ್ದು ಒಂದು, ಒಳಗಿರುವುದು ಇನ್ನೊಂದು. ಹಲ್ಲಿನ ಬಿಳಿಯಲ್ಲಿ ಹದಿನಾರು ಬಗೆ ಗುರುತಿಸುವುದು ನನಗೆ ಅನ್ನದ ದಾರಿ. ಈ ಕಿತ್ತಳೆಯ ಮುಂದೆ ಸೋತಿದ್ದೇನೆ.

ಮೊಬೈಲಿನಲ್ಲಿ ಕಳಿಸಬಹುದಿತ್ತು. ಆದರೆ ಫ್ಲೋರೆಸೆಂಟ್ ಬಣ್ಣವನ್ನು ಯಾವ ಪರದೆಯೂ ಸರಿಯಾಗಿ ತೋರಿಸುವುದಿಲ್ಲ. ಹಾಗಾಗಿ ಐದು ರಟ್ಟಿನ ಚೂರುಗಳಿಗೆ ಐದು ಬಗೆಯ ಕಿತ್ತಳೆ ಬಳಿದು, ಹಿಂದೆ ಸಂಖ್ಯೆ ಹಾಕಿ ಕಳಿಸಿದ್ದೇನೆ. ಯಾವುದು ಸರಿ ಎಂದು ನೋಡಿ ಹೇಳುವಿರಾ? ನಾನು ಕಟ್ಟುತ್ತಿರುವುದು 1986ರ ಇಪ್ಪತ್ತೇಳನೇ ನಂಬರಿನ ವಿಮಾನ.

ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಇರಲಿ.

ವಿಶ್ವಾಸದ,
ಸಂಪದಾ


ಮಾವಿನಕುರ್ವೆ
2 ಫೆಬ್ರವರಿ 2024

ಸಂಪದಾ ಅವರಿಗೆ, ಶ್ರೀಮತಿ ಬರೆಯಬೇಕೋ ಕುಮಾರಿ ಬರೆಯಬೇಕೋ ತಿಳಿಯದೆ ಬರೀ ಹೆಸರು ಬರೆದಿದ್ದೇನೆ. ಬೇಸರ ಮಾಡಬೇಡಿ.

ನಿಮ್ಮ ಪತ್ರ ನೋಡಿ ಮನೆಯಲ್ಲಿ ಎಲ್ಲರಿಗೂ ನಗು. ನನ್ನ ಹೆಂಡತಿ ಗಣಪಿ, “ನಲವತ್ತು ವರ್ಷದ ಹಿಂದಿನ ಬಣ್ಣ ಕೇಳೂಕೂ ಜನ ಇದ್ರಲೆ!” ಅಂದಳು. ಸೊಸೆ ಸುಪ್ರಿಯಾ ರಟ್ಟಿನ ಚೂರುಗಳನ್ನು ಜಗಲಿಯಲ್ಲಿ ಸಾಲಾಗಿ ಇಟ್ಟುಕೊಟ್ಟಳು. ನನಗೆ ಎಪ್ಪತ್ತಾಯಿತು. ಒಂದು ಕಣ್ಣಿನ ಪೊರೆ ತೆಗೆಸಿದ್ದೇನೆ. ಆ ಕಣ್ಣಿಗೆ ಬಣ್ಣ ಹುಡುಗುಪ್ರಾಯದಲ್ಲಿ ಕಂಡ ಹಾಗೇ ಕಾಣುತ್ತದೆ.

ನಿಮಗೆ ಯಾರೂ ಹೇಳದ ಒಂದು ಮಾತು ಹೇಳುತ್ತೇನೆ. ಆ ಕಿತ್ತಳೆಯ ಜೀವ ಅದರಲ್ಲಿಲ್ಲ, ಅದರ ಕೆಳಗಿನ ಬಿಳಿಯಲ್ಲಿದೆ. ಬೂದು ಬಣ್ಣದ ಮೇಲೆ ನೇರ ಬಳಿದರೆ ಸತ್ತ ಬಣ್ಣ. ಮೊದಲು ಬಿಳಿ ಬಳಿದು, ಒಣಗಿಸಿ, ಮೇಲೆ ಕಿತ್ತಳೆಯನ್ನು ತೆಳುವಾಗಿ ಮೂರು ನಾಲ್ಕು ಸಲ ಹೊಡೆಯಬೇಕು. ಆಗ ಅದು ಬಿಸಿಲನ್ನು ಕುಡಿದು ವಾಪಸ್ ಉಗುಳುತ್ತದೆ. ಮೋಡದ ದಿನವೂ ಉರಿಯುವ ಕೆಂಡದ ಹಾಗೆ ಕಾಣುತ್ತದೆ. ಅದಕ್ಕೇ ಅದನ್ನು ಬಳಿಯುವುದು. ಕಲಿಯುವ ಹುಡುಗರು ಹಾರಿಸುವ ವಿಮಾನ, ಇನ್ನೊಬ್ಬರ ಕಣ್ಣಿಗೆ ದೂರದಿಂದಲೇ ಬೀಳಬೇಕು.

ಆದರೆ ಆಯುಸ್ಸು ಕಮ್ಮಿ. ಬಿಸಿಲಲ್ಲಿ ಬಿಟ್ಟರೆ ವರ್ಷದೊಳಗೆ ಸೊರಗುತ್ತದೆ. ಮತ್ತೆ ಕೆರೆದು, ಬಿಳಿ ಹೊಡೆದು, ಮೊದಲಿಂದ ಸುರು.

ನಿಮ್ಮ ಚೂರುಗಳನ್ನು ಮೂರು ದಿನ ಬೇರೆ ಬೇರೆ ಹೊತ್ತಿನಲ್ಲಿ ನೋಡಿದೆ. ಬೆಳಿಗ್ಗೆ ಹತ್ತರ ಬಿಸಿಲಿಗೆ ಹಿಡಿದಾಗ ಮೂರನೆಯದು ಸರಿ. ಅಂದಿನ ಬಣ್ಣದ ಡ್ರಮ್ಮಿನ ಮುಚ್ಚಳ ತೆಗೆದ ಹಾಗಾಯಿತು. ಉಳಿದ ನಾಲ್ಕನ್ನು ಬಿಸಾಡಿ.

ಇಪ್ಪತ್ತೇಳು ಎಂದು ಯಾಕೆ ಬರೆದಿರಿ? ನಂಬರು ಯಾವುದಾದರೇನು, ಎಲ್ಲಕ್ಕೂ ಅದೇ ಡ್ರಮ್ಮಿನ ಬಣ್ಣ. ಫೋಟೋ ಯಾರ ಹತ್ತಿರ ಇತ್ತು ಎಂದೂ ತಿಳಿಸಿಲ್ಲ.

ಕುಮಟಾದಿಂದ ಇಲ್ಲಿಗೆ ಎಷ್ಟು ದೂರ? ಒಮ್ಮೆ ಬನ್ನಿ. ನಿಮ್ಮ ವಿಮಾನವನ್ನೂ ತನ್ನಿ.

ಇತಿ,
ವೆಂಕಟ್ರಮಣ ಅಂಬಿಗ


ಕುಮಟಾ
11 ಮಾರ್ಚ್ 2024

ಮಾನ್ಯರೇ,

ನೀವು ಹೇಳಿದಂತೆಯೇ ಮಾಡಿದೆ. ಬಿಳಿ, ಅದರ ಮೇಲೆ ಮೂರನೇ ಕಿತ್ತಳೆ, ತೆಳುವಾಗಿ ನಾಲ್ಕು ಸಲ. ಮುಗಿದ ದಿನ ಕೋಣೆಗೆ ದೀಪ ಹಾಕಿದಂತೆ ಇತ್ತು.

ಆಮೇಲೆ ನಡೆದದ್ದನ್ನು ಬರೆಯಬೇಕಾದರೆ ಮೊದಲು ನಾನು ಮುಚ್ಚಿಟ್ಟದ್ದನ್ನು ಹೇಳಬೇಕು. ಆ ಫೋಟೋ ನಮ್ಮ ಮನೆಯ ಟ್ರಂಕಿನಲ್ಲಿತ್ತು. ಅದರಲ್ಲಿ ಮೂವರಿದ್ದೀರಿ. ಎಡಗಡೆ ಬಣ್ಣದ ಡಬ್ಬಿ ಹಿಡಿದ ನೀವು, ನಡುವೆ ಭಟ್ಕಳದ ಸುಹಾಸ ಶಾನಭಾಗ, ಬಲಗಡೆ ಕುಮಟಾದ ಶ್ರೀರಾಮ ಹೆಗಡೆ. ನಾನು ಶ್ರೀರಾಮ ಹೆಗಡೆಯ ಮಗಳು.

ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಆದರೂ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಪೂರ್ತಿ ಹೇಳಿದ್ದಿಲ್ಲ. ಕುಮಟಾದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಗೆಳೆಯರು ಒಟ್ಟಿಗೇ ಸೇರಿ ಪೈಲಟ್ ಆಗಿ ನಿಮ್ಮ ಕೇಂದ್ರಕ್ಕೆ ಬಂದರು. 1986ರ ಏಪ್ರಿಲ್‌ನ ಒಂದು ಮಧ್ಯಾಹ್ನ ಇಬ್ಬರೂ ಬೇರೆ ಬೇರೆ ವಿಮಾನದಲ್ಲಿ ಒಬ್ಬೊಬ್ಬರೇ ಹಾರಿದರು. ಎದುರುಬದುರಾಗಿ ಬಂದರು. ರೆಕ್ಕೆಗೆ ರೆಕ್ಕೆ ತಾಗಿತು. ಅಪ್ಪಯ್ಯ ಮುರಿದ ರೆಕ್ಕೆಯಲ್ಲೇ ಹೊಲದಲ್ಲಿ ಇಳಿಸಿ, ಕಾಲು ಮುರಿದುಕೊಂಡು ಬದುಕಿದರು. ಸುಹಾಸ ಇದ್ದ ಇಪ್ಪತ್ತೇಳನೇ ನಂಬರು ನೆಲಕ್ಕೆ ಬಿದ್ದು ಉರಿದುಹೋಯಿತು.

ವಿಚಾರಣೆಯ ಕಾಗದದ ಒಂದು ಪ್ರತಿ ಅದೇ ಟ್ರಂಕಿನಲ್ಲಿದೆ. ಇಪ್ಪತ್ತೇಳಕ್ಕೆ ಹತ್ತು ದಿನದ ಹಿಂದಷ್ಟೇ ಹೊಸ ಕಿತ್ತಳೆ ಬಳಿಯಲಾಗಿತ್ತು, ಮೂರು ಕಿಲೋಮೀಟರ್ ದೂರದಿಂದಲೇ ಕಾಣಬೇಕಿತ್ತು, ಶ್ರೀರಾಮ ಹೆಗಡೆ ಹೊರಗೆ ನೋಡುತ್ತಿರಲಿಲ್ಲ ಎಂದು ಅದರಲ್ಲಿದೆ. ಕೆಲಸ ಹೋಯಿತು. ಅಪ್ಪಯ್ಯ ಊರಿಗೆ ಬಂದು ಮೂವತ್ತು ವರ್ಷ ಗಣಿತ ಕಲಿಸಿದರು. ಮಂಗಳೂರಿಗೆ ಹೋಗುವುದಿದ್ದರೆ ಇವತ್ತಿಗೂ ಭಟ್ಕಳ ದಾಟುವ ತನಕ ಕಿಟಕಿಯ ಕಡೆ ತಿರುಗುವುದಿಲ್ಲ.

ವಿಮಾನವನ್ನು ಅಪ್ಪಯ್ಯನಿಗೆ ತೋರಿಸುವ ಉದ್ದೇಶ ನನಗಿರಲಿಲ್ಲ. ಅವರೇ ನನ್ನ ಕೋಣೆಗೆ ಬಂದರು. ಕೈಗೆ ತೆಗೆದುಕೊಂಡರು. ಬಾಲದ ಮೇಲಿನ ನಂಬರು ಓದಿದರು. ಬಯ್ಯುತ್ತಾರೆ ಅಂದುಕೊಂಡೆ. ಕಿಟಕಿಯ ಹತ್ತಿರ ಒಯ್ದು, ತೋಳು ಚಾಚಿ ದೂರ ಹಿಡಿದು ತುಂಬ ಹೊತ್ತು ನೋಡಿದರು.

“ಇದಲ್ಲ ಕೂಸೆ” ಅಂದರು. “ಈ ಬಣ್ಣ ಇದ್ದಿದ್ರೆ ನಂಗೆ ಕಾಣ್ತಿತ್ತು. ಅವತ್ತು ಆಕಾಶದಲ್ಲಿ ಇಂಥದ್ದು ಎಂತದೂ ಇತ್ತಿಲ್ಲೆ.”

ಅಷ್ಟೇ. ಆಮೇಲೆ ಊಟಕ್ಕೆ ಕರೆದರೂ ಬರಲಿಲ್ಲ.

ಡ್ರಮ್ಮಿನಲ್ಲಿ ಯಾವ ಬಣ್ಣವಿತ್ತು ಎಂದು ನಾನು ಇನ್ನು ಕೇಳುವುದಿಲ್ಲ. ಆ ದಿನ ಇಪ್ಪತ್ತೇಳರ ಮೈಮೇಲೆ ಯಾವ ಬಣ್ಣವಿತ್ತು?

ಸಂಪದಾ ಹೆಗಡೆ


ಮಾವಿನಕುರ್ವೆ
9 ಏಪ್ರಿಲ್ 2024

ಸಂಪದಾ ಮೇಡಂ ಅವರಿಗೆ,

ನಾನು ಸುಪ್ರಿಯಾ, ವೆಂಕಟ್ರಮಣ ಅಂಬಿಗರ ಸೊಸೆ. ನಿಮ್ಮ ಎರಡನೇ ಕಾಗದ ಬಂದ ದಿನದಿಂದ ಮಾವ ಸರಿಯಾಗಿ ಮಾತಾಡುತ್ತಿಲ್ಲ. ಅದರಲ್ಲಿ ಏನಿತ್ತು ಎಂದು ನಮಗೆ ಹೇಳಿಲ್ಲ. ಎರಡು ಸಲ ಬರೆಯಲು ಕೂತು ಹರಿದು ಹಾಕಿದರು. ಹೋದ ವಾರ ರಕ್ತದೊತ್ತಡ ಏರಿ ಹೊನ್ನಾವರದ ಆಸ್ಪತ್ರೆಯಲ್ಲಿ ಎರಡು ದಿನ ಇಡಬೇಕಾಯಿತು. ಅತ್ತೆ ಹೆದರಿದ್ದಾರೆ. ನಿಮ್ಮದು ಎಂತ ವಿಷಯವೋ ಗೊತ್ತಿಲ್ಲ, ದಯವಿಟ್ಟು ಇನ್ನು ಬರೆಯಬೇಡಿ.

ಸುಪ್ರಿಯಾ ಅಂಬಿಗ


ಕುಮಟಾ
20 ಮೇ 2024

ವೆಂಕಟ್ರಮಣ ಅಂಬಿಗರಿಗೆ,

ಬರೆಯಬೇಡಿ ಎಂದು ನಿಮ್ಮ ಸೊಸೆ ಕೇಳಿಕೊಂಡಿದ್ದಾರೆ. ನಿನ್ನೆ ಹೊನ್ನಾವರದ ತನಕ ಬಂದಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಕೂತೆ. ಹುಷಾರಿಲ್ಲದ ಹಿರಿಯರ ಮನೆಗೆ ಹೋಗಿ ಜಗಳ ತೆಗೆಯುವ ಧೈರ್ಯ ಬರಲಿಲ್ಲ. ಅದೇ ಬಸ್ಸಿಗೆ ವಾಪಸ್ ಬಂದೆ.

ಆದರೆ ಒಂದು ವಿಷಯ ನಿಮಗೆ ತಿಳಿದಿರಲಿ. ‘ನಂಗೆ ಕಾಣ್ಲಿಲ್ಲೆ’ ಎಂಬ ಅಪ್ಪಯ್ಯನ ಮಾತನ್ನು ನಮ್ಮಮ್ಮ ಸಾಯುವ ತನಕ ನಂಬಿದ್ದಳು. ನಾನು ನಂಬಿರಲಿಲ್ಲ. ಹತ್ತನೇ ತರಗತಿಯಲ್ಲಿದ್ದಾಗ ಟ್ರಂಕಿನ ಆ ಕಾಗದ ಓದಿ ಅದನ್ನೇ ನಿಜವೆಂದುಕೊಂಡೆ. ಇಪ್ಪತ್ತು ವರ್ಷ ಅಪ್ಪಯ್ಯನ ಎದುರು ಕೂತು ಉಂಡಿದ್ದೇನೆ, ‘ಇವರು ನೋಡಲಿಲ್ಲ, ಅದಕ್ಕೆ ಒಬ್ಬರು ಸತ್ತರು’ ಎಂದು ಒಳಗೇ ಹೇಳಿಕೊಳ್ಳುತ್ತ. ನಾನು ತಪ್ಪು ತಿಳಿದಿದ್ದರೆ ಅದು ನನಗೆ ಗೊತ್ತಾಗಬೇಕು. ಸರಿಯಾಗಿಯೇ ತಿಳಿದಿದ್ದರೆ ಅದೂ ಗೊತ್ತಾಗಬೇಕು.

ಸಂಪದಾ


ಮಾವಿನಕುರ್ವೆ
3 ಜುಲೈ 2024

ಶ್ರೀರಾಮ ಹೆಗಡೆಯವರ ಮಗಳು ಸಂಪದಾಗೆ,

ಇದನ್ನು ಗಣಪಿಗೂ ಸುಪ್ರಿಯಾಗೂ ಓದಿ ಹೇಳಿಯೇ ಲಕೋಟೆಗೆ ಹಾಕುತ್ತಿದ್ದೇನೆ. ಇನ್ನು ಮನೆಯಲ್ಲಿ ಅಡಗಿಸುವುದು ಏನೂ ಇಲ್ಲ.

ಇಪ್ಪತ್ತೇಳಕ್ಕೆ ನಾನು ಬಣ್ಣ ಹೊಡೆದಿರಲಿಲ್ಲ.

ಆ ವಿಮಾನ ಹದಿನಾಲ್ಕು ತಿಂಗಳು, ಹಾರಾಟವಿಲ್ಲದಾಗೆಲ್ಲ, ಬಯಲಲ್ಲೇ ನಿಂತಿತ್ತು. ಅದರ ಕಿತ್ತಳೆ ತೊಳೆದು ತೊಳೆದು ಬಿಳಚಿದ ಕಾವಿ ಪಂಚೆಯ ಹಾಗಾಗಿತ್ತು. ಮುಟ್ಟುವಷ್ಟು ಹತ್ತಿರ ಹೋದರೆ ಮಾತ್ರ ಒಂದು ಕಾಲಕ್ಕೆ ಕಿತ್ತಳೆ ಇತ್ತೆಂದು ತಿಳಿಯುತ್ತಿತ್ತು. ಮಾರ್ಚಿನಲ್ಲಿ ಹೊಸದು ಹೊಡೆಯಬೇಕಿತ್ತು. ಇದ್ದ ಡ್ರಮ್ಮು ಗಟ್ಟಿಯಾಗಿ ಹೋಗಿತ್ತು, ಹೊಸ ಡ್ರಮ್ಮು ಬರಬೇಕಿತ್ತು. ಅಷ್ಟರಲ್ಲಿ ನನ್ನ ತಂಗಿ ಕಮಲಿಯ ಮದುವೆ ಗೊತ್ತಾಯಿತು. ಅಪ್ಪ ಇಲ್ಲದ ಮನೆ, ನಾನೇ ಧಾರೆ ಎರೆಯಬೇಕು. ರಜೆ ಕೇಳಲು ಹೋದರೆ ಮೇಲಿನವರು, “ಬಾಕಿ ಕೆಲಸ ಮುಗಿಸಿದ ರಿಜಿಸ್ಟರ್ ತೋರಿಸು, ರಜೆ ತಗೋ” ಅಂದರು. ಬಾಕಿ ಇದ್ದದ್ದು ಅದೊಂದೇ. ನಾನು ರಿಜಿಸ್ಟರಿನಲ್ಲಿ ‘27: ಕಿತ್ತಳೆ ಪಟ್ಟಿ ಹೊಸದಾಗಿ ಬಳಿದಿದೆ’ ಎಂದು ಬರೆದು ಸಹಿ ಹಾಕಿದೆ. ಬಂದು ಹೊಡೆದರಾಯಿತು, ಹದಿನೈದು ದಿನದಲ್ಲಿ ಏನಾಗುತ್ತದೆ ಅಂದುಕೊಂಡೆ.

ಹೊರಟ ದಿನ ಸುಹಾಸ ಸಾಹೇಬರು ಎದುರಾದರು. ನಾವು ಮೂವರೇ ಅಲ್ಲಿ ಕನ್ನಡ ಮಾತಾಡುವವರು. “ಏನೋ ವೆಂಕಟ್ರಮಣ, ನಮ್ಮ ಇಪ್ಪತ್ತೇಳಕ್ಕೆ ಯಾವಾಗ ಮೀಯಿಸ್ತಿ? ಭಿಕ್ಷುಕನ ಹಾಗೆ ಕಾಣ್ತದಲ್ಲೋ” ಅಂದರು.

“ಮದುವೆ ಮುಗಿಸ್ಕಂಡು ಬತ್ತೆ ಸಾಹೇಬ್ರೆ, ಬಂದ ಕೂಡ್ಲೆ ಅದೇ ಕೆಲಸ.”

“ಆತು, ಹೋಗಿ ಬಾ. ಹೋಳಿಗೆ ಮರೀಬೇಡ.”

ಹೋಳಿಗೆ ಕಟ್ಟಿಸಿಕೊಂಡು ಹೋದೆ. ಹುಬ್ಬಳ್ಳಿಯವರೆಗೆ ಬಸ್ಸು, ಅಲ್ಲಿಂದ ರೈಲು. ಕೇಂದ್ರದ ಗೇಟಿನಲ್ಲೇ ಸುದ್ದಿ ಹೇಳಿದರು. ಆಗಲೇ ನಾಲ್ಕು ದಿನವಾಗಿತ್ತು. ಉಳಿದದ್ದೆಲ್ಲ ಕರಕಲು. ಅದರಲ್ಲಿ ಯಾವ ಬಣ್ಣವನ್ನೂ ನೋಡುವ ಹಾಗಿರಲಿಲ್ಲ.

ವಿಚಾರಣೆಯಲ್ಲಿ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. “ಈ ಸಹಿ ನಿನ್ನದಾ?” “ಹೌದು ಸಾರ್.” “ಬಣ್ಣ ಹೊಡೆದದ್ದು ನೀನಾ?” “ಹೌದು ಸಾರ್.” ಎರಡನೇ ಹೌದು ಹೇಳುವಾಗ ನನ್ನ ಕಣ್ಣಮುಂದೆ ಇದ್ದದ್ದು ನನ್ನ ನೌಕರಿ. ನಿಮ್ಮ ತಂದೆ ಅದೇ ಕೋಣೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ಕೂತಿದ್ದರು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು, “ನಂಗೆ ಕಾಣ್ಲೇ ಇಲ್ಲ ಮಾರಾಯಾ. ನಂಬ್ತೀಯಾ?” ಎಂದು ಕೇಳಿದರು. ನಂಬಬೇಕಾದವನು ಜಗತ್ತಿನಲ್ಲಿ ನಾನೊಬ್ಬನೇ ಇದ್ದೆ. ಕ್ಯಾಂಟೀನಿಗೆ ಹೋಗಿ ಅವರಿಗೆ ಒಂದು ಗ್ಲಾಸು ಚಾ ತಂದುಕೊಟ್ಟೆ.

ಫೆಬ್ರವರಿಯಲ್ಲಿ ನಿಮಗೆ ಮೂರನೇ ಚೂರು ಸರಿ ಎಂದು ಬರೆದೆ. ಇಪ್ಪತ್ತೇಳು ಎಂಬ ನಂಬರು ಓದಿದಾಗಲೇ ಎಲ್ಲ ನೆನಪಾಗಿತ್ತು. ಆದರೂ ಡ್ರಮ್ಮಿನ ಕತೆ ಹೇಳಿ ದಾಟಿಸಿದೆ.

ಈ ಲಕೋಟೆಯಲ್ಲಿ ಒಂದು ರಟ್ಟಿದೆ. ಬಿಳಿಗೆ ಸ್ವಲ್ಪ ಹಳದಿ, ಚಿಟಿಕೆ ಕಾವಿ, ಸ್ವಲ್ಪ ಬೂದು ಸೇರಿಸಿ ನಾಲ್ಕು ದಿನ ಕೂತು ಬೆರೆಸಿದೆ. ಅವತ್ತಿನ ಬಣ್ಣ ಇದೇ. ಜೊತೆಗೆ ನಡೆದದ್ದನ್ನು ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಿದ್ದೇನೆ. ಯಾರಿಗೆ ಬೇಕಾದರೂ ಕೊಡಿ.

ನಿಮ್ಮ ತಂದೆಗೆ ಹೇಗೆ ಹೇಳುವುದು ಎಂದು ನನಗೆ ತಿಳಿಯುವುದಿಲ್ಲ.

ವೆಂಕಟ್ರಮಣ


ಕುಮಟಾ
21 ಅಕ್ಟೋಬರ್ 2024

ವೆಂಕಟ್ರಮಣ ಅಂಬಿಗರಿಗೆ,

ನಿಮ್ಮ ಪತ್ರ ಬಂದು ಮೂರೂವರೆ ತಿಂಗಳಾಯಿತು. ಮಳೆಗಾಲವಿಡೀ ಅದು ನನ್ನ ಚೀಲದಲ್ಲಿತ್ತು. ಲ್ಯಾಬಿಗೆ ಒಯ್ಯುತ್ತಿದ್ದೆ, ವಾಪಸ್ ತರುತ್ತಿದ್ದೆ. ಅಪ್ಪಯ್ಯನಿಗೆ ಕೊಡಲು ಕೈ ಬರಲಿಲ್ಲ. ಅಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದದ್ದಿಲ್ಲ. ನಿಮ್ಮ ಮೇಲೆ ಬಂದದ್ದೆಷ್ಟು, ನನ್ನ ಮೇಲೆ ಬಂದದ್ದೆಷ್ಟು ಎಂದು ಬಿಡಿಸಲಾಗದು.

ಇನ್ನೊಂದು ಇಪ್ಪತ್ತೇಳನ್ನು ಕಟ್ಟಿದೆ. ಅದಕ್ಕೆ ನಿಮ್ಮ ರಟ್ಟಿನ ಬಣ್ಣ ಹೊಡೆದೆ.

ನಿನ್ನೆ ಭಾನುವಾರ ಎರಡನ್ನೂ ತೆಗೆದುಕೊಂಡು ಅಪ್ಪಯ್ಯನ ಜೊತೆ ಸಮುದ್ರದ ದಂಡೆಗೆ ಹೋದೆ. “ಎಂತಕ್ಕೆ?” ಎಂದು ಕೇಳಿದರು. “ಒಂದು ಲೆಕ್ಕ ನೋಡಕ್ಕು ಅಪ್ಪಯ್ಯ” ಅಂದೆ. ಲೆಕ್ಕ ಅಂದರೆ ಅವರು ಬರುತ್ತಾರೆ. ಮೂರು ಕಿಲೋಮೀಟರನ್ನು ನಲವತ್ತೆಂಟರಿಂದ ಭಾಗಿಸಿದರೆ ಸುಮಾರು ಅರವತ್ತೆರಡು ಮೀಟರ್. ಟೇಪು ಹಿಡಿದು ಅಳೆದು ಮರಳಿನಲ್ಲಿ ಗುರುತು ಹಾಕಿದೆ. ಅಪ್ಪಯ್ಯನನ್ನು ಕುರ್ಚಿಯಲ್ಲಿ ಕೂರಿಸಿದೆ. ಉದ್ದ ಕೋಲಿನ ತುದಿಗೆ ಒಂದು ವಿಮಾನ ಸಿಕ್ಕಿಸಿ, ತಲೆಯ ಮೇಲೆ ಆಕಾಶಕ್ಕೆ ಎತ್ತಿ ಹಿಡಿದು ಆ ಗುರುತಿನಿಂದ ಅವರ ಕಡೆ ನಡೆದು ಬರುವುದು. ಕಂಡ ಕೂಡಲೇ ಅವರು ಕೈ ಎತ್ತಬೇಕು. ಯಾವ ವಿಮಾನ ಎಂದು ನಾನು ಹೇಳಲಿಲ್ಲ.

ಮೊದಲು ಹೊಸ ಕಿತ್ತಳೆಯದು. ನಾನು ಹೆಜ್ಜೆ ಇಡುವ ಮೊದಲೇ ಕೈ ಎತ್ತಿದರು.

ಆಮೇಲೆ ಮಾಸಿದ್ದು. ಬೆಳಗಿನ ಹತ್ತು ಗಂಟೆ, ಸಮುದ್ರದ ಮೇಲೆ ಮಬ್ಬು. ಹತ್ತು ಹೆಜ್ಜೆ ನಡೆದೆ. ಇಪ್ಪತ್ತು ನಡೆದೆ. ಅಪ್ಪಯ್ಯ ಕುರ್ಚಿಯಲ್ಲಿ ಮುಂದೆ ಬಾಗಿ, ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದರು. ಎಲ್ಲಿ ನೋಡಬೇಕೆಂದು ಗೊತ್ತಿದ್ದರೂ ಕೈ ಏಳಲಿಲ್ಲ. ನನಗೆ ಅವರ ಮುಖ ಸ್ಪಷ್ಟ ಕಾಣುವಷ್ಟು ಹತ್ತಿರ ಬಂದ ಮೇಲೆ ಕೈ ಎತ್ತಿದರು. ಅಳೆದೆ. ಇಪ್ಪತ್ತೊಂದು ಮೀಟರ್. ಮತ್ತೆ ಎರಡು ಸಲ ಮಾಡಿದೆ, ಹೆಚ್ಚುಕಮ್ಮಿ ಅಷ್ಟೇ.

ಉಳಿದ ಲೆಕ್ಕ ಅಪ್ಪಯ್ಯನೇ ಮಾಡಿದರು, ಬೆರಳಿನಿಂದ ಮರಳಿನ ಮೇಲೆ. ಇಪ್ಪತ್ತೊಂದು ಮೀಟರ್ ಅಂದರೆ ಆಕಾಶದಲ್ಲಿ ಒಂದು ಕಿಲೋಮೀಟರ್. ಎರಡೂ ವಿಮಾನ ಎದುರುಬದುರು ಬರುವಾಗ ಅದು ಆರು ಸೆಕೆಂಡು.

ಆಗ ನಿಮ್ಮ ಪತ್ರ ಕೊಟ್ಟೆ. ಅಲ್ಲೇ ಕೂತು ಓದಿದರು. ಎರಡು ಸಲ ಓದಿದರು. ಅಳುತ್ತಾರೆ, ಕೂಗುತ್ತಾರೆ ಎಂದು ಹೆದರಿ ನಿಂತಿದ್ದೆ. ಅವರು ಹೇಳಿದ್ದು ಇಷ್ಟು: “ಹೌದು. ಆ ತಿಂಗಳೇ ಅವನ ತಂಗಿ ಮದುವೆ ಇತ್ತು. ನಂಗೆ ನೆನಪಿದ್ದು.”

ಮನೆಗೆ ಬರುವಾಗ ನನ್ನ ಹೆಗಲು ಹಿಡಿದುಕೊಂಡು ನಡೆದರು. ‘ನಿಮ್ಮನ್ನು ನಂಬಿರಲಿಲ್ಲ’ ಎಂದು ನಾನು ಹೇಳಬೇಕಿತ್ತು. ಅವರಿಗೆ ಮೊದಲೇ ಗೊತ್ತಿತ್ತು ಎಂದು ಕಾಣುತ್ತದೆ.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲಾರೆ. ಅದು ನನ್ನ ಕೈಯಲ್ಲಿಲ್ಲ.

ಸಂಪದಾ


ಕುಮಟಾ
2 ನವೆಂಬರ್ 2024

ವೆಂಕಟ್ರಮಣಾ,

ನೀನು ಎಂದೇ ಬರೆಯುತ್ತೇನೆ. ಆಗ ಹಾಗೇ ಕರೆಯುತ್ತಿದ್ದೆ, ಸಿಟ್ಟು ಬಂತೆಂದು ಬಹುವಚನಕ್ಕೆ ಏರಿಸುವುದು ನನಗೆ ಬಾರದು.

ಸಿಟ್ಟು ಇದೆ. ನೀನು ಒಂದೇ ಒಂದು ಸಲ ಇಲ್ಲ ಅಂದಿದ್ದರೆ ನನ್ನ ಬದುಕು ಬೇರೆ ಆಗುತ್ತಿತ್ತು. ನನ್ನ ಕಣ್ಣನ್ನೇ ನಂಬದೆ ಮೂವತ್ತೆಂಟು ವರ್ಷ ಕಳೆದೆ. ರಸ್ತೆ ದಾಟುವಾಗ ಎರಡು ಸಲ ನೋಡಿ, ಆಮೇಲೂ ಪಕ್ಕದವರನ್ನು ‘ಗಾಡಿ ಬತ್ತಾ ಇದ್ದಾ?’ ಎಂದು ಕೇಳುವ ಮನುಷ್ಯನಾದೆ. ನನ್ನ ಮಗಳನ್ನು ಒಂದು ದಿನವೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಲಿಲ್ಲ.

ಆದರೆ ನಾನೂ ಹೇಳದ ಒಂದು ವಿಷಯವಿದೆ. ಸಂಪದಾಗೂ ನಿನ್ನೆಯೇ ಮೊದಲು ಹೇಳಿದ್ದು. ಆ ದಿನ ನಕ್ಷೆ ನನ್ನ ತೊಡೆಯ ಮೇಲಿತ್ತು. ಒಂದು ಕೆರೆಯ ಗುರುತು ಹುಡುಕಲು ತಲೆ ಬಗ್ಗಿಸಿದ್ದೆ. ಎಷ್ಟು ಹೊತ್ತು? ಮೂರು ಸೆಕೆಂಡೋ ಐದೋ, ನನಗೆ ಗೊತ್ತಿಲ್ಲ. ತಲೆ ಎತ್ತಿದಾಗ ಎದುರಿಗೆ ಏನೂ ಇರಲಿಲ್ಲ, ಮರುಕ್ಷಣ ಸುಹಾಸನ ರೆಕ್ಕೆ ಇತ್ತು. ವಿಚಾರಣೆಯಲ್ಲಿ ‘ಒಳಗೆ ನೋಡುತ್ತಿದ್ದೆಯಾ’ ಎಂದು ಕೇಳಿದರು. ಇಲ್ಲ ಅಂದೆ. ನೀನು ಹೌದು ಅಂದೆ, ನಾನು ಇಲ್ಲ ಅಂದೆ. ಹೊಸ ಬಣ್ಣ ಇದ್ದಿದ್ದರೆ ತಲೆ ಬಗ್ಗಿಸುವ ಮೊದಲೇ ಕಾಣುತ್ತಿತ್ತು. ನಾನು ತಲೆ ಬಗ್ಗಿಸದಿದ್ದರೆ ಹಳೆಯ ಬಣ್ಣವೂ ಆರು ಸೆಕೆಂಡು ಮೊದಲು ಕಾಣುತ್ತಿತ್ತೋ ಏನೋ. ನಿನ್ನ ಪಾಲು ನಿನಗೆ, ನನ್ನ ಪಾಲು ನನಗೆ.

ಇದನ್ನು ನಾವಿಬ್ಬರು ಒಬ್ಬರಿಗೊಬ್ಬರು ಹೇಳಿಕೊಂಡರೆ ಸಾಲದು. ಸುಹಾಸನ ತಂಗಿ ಗಾಯತ್ರಿ ಭಟ್ಕಳದಲ್ಲೇ ಇದ್ದಾಳೆ, ಶಾಲೆಯಲ್ಲಿ ಕಲಿಸುತ್ತಾಳೆ. ಕೇಳಬೇಕಾದವಳು ಅವಳು. ಇದೇ 17ನೇ ತಾರೀಕು ಭಾನುವಾರ ನಾನು ಕುಮಟಾದಲ್ಲಿ ರೈಲು ಹತ್ತುತ್ತೇನೆ. ನೀನು ಹೊನ್ನಾವರದಲ್ಲಿ ಹತ್ತು. ದಾರಿಯಲ್ಲಿ ಮಾತಾಡಲೇಬೇಕೆಂದೇನಿಲ್ಲ. ನಿನ್ನ ಸೊಸೆಯನ್ನು ಜೊತೆಗೆ ಕರೆದುಕೊಂಡು ಬಾ, ಮಾತ್ರೆ ಮರೆಯಬೇಡ.

ಶ್ರೀರಾಮ


ಭಟ್ಕಳ
8 ಡಿಸೆಂಬರ್ 2024

ಶ್ರೀರಾಮ ಹೆಗಡೆಯವರಿಗೆ,

ಅವತ್ತು ನೀವು ಬಂದಾಗ ನಾನು ಏನೂ ಮಾತಾಡಲಿಲ್ಲ. ಅಂಬಿಗರು ಕೊನೆಯವರೆಗೂ ಕೂರಲಿಲ್ಲ, ಕಂಬ ಹಿಡಿದು ನಿಂತೇ ಎಲ್ಲ ಹೇಳಿದರು. ನೀವು ನೆಲ ನೋಡುತ್ತ ಹೇಳಿದಿರಿ. ನಾನು ನೀರು ಕೊಟ್ಟು ಕಳಿಸಿದೆ. ಮೂರು ವಾರ ಯೋಚಿಸಿ ಈಗ ಬರೆಯುತ್ತಿದ್ದೇನೆ.

ಮೊದಲು ಸಿಟ್ಟು ಹೇಳಿಬಿಡುತ್ತೇನೆ. ನೀವಿಬ್ಬರೂ ಹೊತ್ತುಕೊಂಡು ಬಂದದ್ದನ್ನು ನಮ್ಮ ಜಗಲಿಯಲ್ಲಿ ಇಳಿಸಿ ಹೋದಿರಿ. ಹೋಗುವಾಗ ಇಬ್ಬರ ನಡಿಗೆಯೂ ಹಗುರಾಗಿತ್ತು, ನಾನು ಗೇಟಿನಲ್ಲಿ ನಿಂತು ನೋಡಿದೆ. ಇದನ್ನು ಕೇಳಬೇಕಾದ ಅಮ್ಮ ಹೋಗಿ ಹನ್ನೊಂದು ವರ್ಷವಾಯಿತು. ನೀವು ಊರುಗೋಲು ಹಿಡಿದು ಬಂದು ನಿಂತ ದಿನ ಅವಳು ನಿಮ್ಮನ್ನು ಒಳಗೆ ಬಿಡಲಿಲ್ಲ. ಬಾಗಿಲ ಹಿಂದೆ ನಾನಿದ್ದೆ. ನನಗೆ ಹದಿನೈದು ವರ್ಷ. ಅವಳು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ, ನಿಮಗೆ ನೆನಪಿದ್ದೇ ಇರುತ್ತದೆ. ಅವುಗಳಲ್ಲಿ ಅರ್ಧವನ್ನಾದರೂ ಅವಳು ವಾಪಸ್ ತೆಗೆದುಕೊಳ್ಳುತ್ತಿದ್ದಳು. ಅವಳ ಪರವಾಗಿ ನಾನು ತೆಗೆದುಕೊಳ್ಳುತ್ತಿದ್ದೇನೆ. ಅರ್ಧ ಮಾತ್ರ.

ಅಂಬಿಗರ ಹೇಳಿಕೆಯನ್ನೂ ಅವತ್ತು ನೀವು ಬರೆದುಕೊಟ್ಟದ್ದನ್ನೂ ವಿಚಾರಣೆ ನಡೆಸಿದ ಇಲಾಖೆಯ ದೆಹಲಿ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಕಳಿಸುವುದು ಬಿಡುವುದು ನನ್ನ ಇಷ್ಟ ಅಂದಿದ್ದಿರಿ. ಅಣ್ಣನ ಸಾವಿನ ಕಾಗದದಲ್ಲಿ ಸುಳ್ಳು ಇರುವುದು ನನಗೆ ಬೇಡ. ಅವರು ಉತ್ತರಿಸುತ್ತಾರೋ ಇಲ್ಲವೋ ನೋಡೋಣ. ಅಂಬಿಗರಿಗೆ ಇದನ್ನು ತಿಳಿಸಿ. ಸದ್ಯಕ್ಕೆ ಅವರು ನಮ್ಮ ಮನೆಗೆ ಬರುವುದು ಬೇಡ. ಮುಂದೆಂದಾದರೂ ಬೇಕೆನಿಸಿದರೆ ನಾನೇ ಬರೆಯುತ್ತೇನೆ.

ನೀವು ಬನ್ನಿ. ಆದರೆ ಬಣ್ಣ, ನಕ್ಷೆ, ಸೆಕೆಂಡು ಇವು ಯಾವುದೂ ಇನ್ನು ಬೇಡ. ನಮ್ಮ ಮನೆಯಲ್ಲಿ ಅಣ್ಣನ ಬಗ್ಗೆ ಉಳಿದದ್ದು ಅವನು ಸತ್ತ ರೀತಿ ಒಂದೇ. ಊರು ಬಿಟ್ಟ ಮೇಲೆ ಅವನು ನಾಲ್ಕು ವರ್ಷ ಬದುಕಿದ್ದ. ಆ ನಾಲ್ಕು ವರ್ಷ ಅವನ ಜೊತೆ ಉಂಡವರು, ನಕ್ಕವರು, ಜಗಳವಾಡಿದವರು ನೀವು. ಅಲ್ಲಿ ಅವನು ಏನು ತಿನ್ನುತ್ತಿದ್ದ, ಯಾರನ್ನು ಅಣಕಿಸುತ್ತಿದ್ದ, ಮನೆ ನೆನಪಾದಾಗ ಏನು ಮಾಡುತ್ತಿದ್ದ, ನನ್ನ ಹೆಸರು ಎಂದಾದರೂ ಹೇಳಿದ್ದನಾ, ಯಾವುದೂ ನನಗೆ ಗೊತ್ತಿಲ್ಲ. ಅಮ್ಮ ನಿಮ್ಮನ್ನು ಬಾಗಿಲಿನಿಂದಲೇ ಕಳಿಸಿದ್ದರಿಂದ ಅದೂ ಹೊರಗೇ ಉಳಿಯಿತು.

ಯಾವ ಭಾನುವಾರವಾದರೂ ಆದೀತು, ಊಟಕ್ಕೇ ಬನ್ನಿ. ನಿಮ್ಮ ಮಗಳೂ ಬರಲಿ. ನೆನಪಿದ್ದಷ್ಟೇ ಹೇಳಿ. ನನ್ನ ಸಮಾಧಾನಕ್ಕೆಂದು ಒಂದು ಮಾತನ್ನೂ ಸೇರಿಸಬೇಡಿ.

ಗಾಯತ್ರಿ ಶಾನಭಾಗ